ಜೇಬಿನ ಪಿಸ್ತೂಲು, ಮನೆಯ ಮದ್ದು

"ಖಾಲಿ ತೋಟಾ ಎಸೀಬೇಡಿ ಯಜಮಾನ್ರೇ, ಇತ್ತ ಕೊಡಿ, ತುಂಬಿಸಿ ಕೊಡ್ತೀನಿ."

ಈ ಮಾತು ಈಗ ಪೇಟೆಯಲ್ಲಿ ಓಡಾಡುತ್ತಿದೆ. ಹೇಳುವವರು ಯಾರು, ತುಂಬುವವರು ಎಲ್ಲಿ ಕೂತಿದ್ದಾರೆ ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮಂಡಿಯವರು ಬಂಗಾರದಂಗಡಿಯವರ ಕಡೆ, ಬಂಗಾರದಂಗಡಿಯವರು ಪೆಟ್ರೋಲ್ ಬಂಕಿನವರ ಕಡೆ. ಸುದ್ದಿ ನಿಜವೋ ಗಾಳಿಯೋ, ಕೇಳಿದವರ ಕಿವಿ ನೆಟ್ಟಗಾಗಿರುವುದಂತೂ ನಿಜ. ಯಾಕೆಂದರೆ ಗುಂಡು ದುಬಾರಿ, ಗುಂಡು ಸಿಗುವುದಿಲ್ಲ, ಸಿಕ್ಕರೂ ಬೇಕಾದಾಗ ಸಿಗುವುದಿಲ್ಲ. ಹೀಗಿರುವಾಗ ಅರ್ಧ ರೇಟಿಗೆ ತುಂಬಿಸಿ ಕೊಡುತ್ತೇನೆ ಎಂದರೆ ಯಾವ ವ್ಯಾಪಾರಿಗೆ ಆಸೆ ಹುಟ್ಟುವುದಿಲ್ಲ ಹೇಳಿ?

ಆ ಆಸೆಗೆ ಬೀಳಬೇಡಿ ಎಂದು ಹೇಳುವುದಕ್ಕೇ ಇವತ್ತಿನ ಈ ಅಂಕಣ. ಬರೀ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಕಾರಣ ಹೇಳಬೇಕು.

ನಮ್ಮ ಊರಲ್ಲಿ ಲೈಸೆನ್ಸ್ ಇರುವ ಕೈಬಂದೂಕು ಅಂದರೆ ನೂರಕ್ಕೆ ತೊಂಬತ್ತು ಪಾಲು 'ಪಾಯಿಂಟ್ ತ್ರೀ ಟೂ'. ಇದಕ್ಕೆ ಕಾರಣ ಜನರ ಇಷ್ಟವಲ್ಲ, ಸರ್ಕಾರದ ಕಾನೂನು. ಪೊಲೀಸರು, ಸೈನ್ಯದವರು ಹಿಡಿಯುವ 9 ಎಂಎಂ ಅಳತೆ 'ನಿಷೇಧಿತ ಬೋರ್' ಪಟ್ಟಿಯಲ್ಲಿದೆ. ಸಾಮಾನ್ಯ ಪ್ರಜೆಗೆ ಅದು ದಕ್ಕುವುದಿಲ್ಲ. 1980ರ ದಶಕದಿಂದ ಸಾಮಾನ್ಯ ಜನ ಪರದೇಶದ ಬಂದೂಕು ತರಿಸುವ ಬಾಗಿಲೂ ಮುಚ್ಚಿತು. ಬಹುಕಾಲ ಉಳಿದದ್ದು ಎರಡೇ ದಾರಿ. ಒಂದು, ಅಜ್ಜನ ಕಾಲದ ಬ್ರೌನಿಂಗೋ ವೆಬ್ಲಿಯೋ ಲೈಸೆನ್ಸ್ ಸಮೇತ ಕೈಯಿಂದ ಕೈಗೆ ಬರಬೇಕಿತ್ತು. ಇಲ್ಲವೇ ಸರ್ಕಾರಿ ಕಾರ್ಖಾನೆಯ ಮಾಲು ಕೊಳ್ಳಬೇಕಿತ್ತು. ಕಾನ್ಪುರದ ರಿವಾಲ್ವರ್, ಬಂಗಾಳದಿಂದ ಬರುವ 'ಅಶನಿ' ಪಿಸ್ತೂಲು. 2014ರಲ್ಲಿ ಹೆಂಗಸರಿಗೆಂದು 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ಬಂತು. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ! ಯಾವ ಹೆಂಗಸು ಕೊಳ್ಳಬೇಕಿತ್ತೋ, ಹೇಳಿದವರಿಗೇ ಗೊತ್ತು.

ಇಲ್ಲಿ ಒಂದು ಗೊಂದಲ ಇದೆ, ಬಿಡಿಸಿ ಹೇಳಿಬಿಡುತ್ತೇನೆ. ರಿವಾಲ್ವರಿಗೂ 'ತ್ರೀ ಟೂ' ಅಂತಾರೆ, ಪಿಸ್ತೂಲಿಗೂ 'ತ್ರೀ ಟೂ' ಅಂತಾರೆ. ಎರಡರ ಗುಂಡು ಒಂದೇ ಅಲ್ಲ! ಕಾನ್ಪುರದ ರಿವಾಲ್ವರಿಗೆ ಹಾಕುವುದು ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಎಂಬ ಉದ್ದನೆಯ ತೋಟಾ. ಪಿಸ್ತೂಲಿಗೆ ಹೋಗುವುದು ಬ್ರೌನಿಂಗ್ ಎಂಬ ಅಮೆರಿಕದ ಬಂದೂಕು ಶಿಲ್ಪಿ ಬೆಲ್ಜಿಯಂನ ಎಫ್.ಎನ್. ಕಂಪನಿಗಾಗಿ 1899ರಲ್ಲಿ ರೂಪಿಸಿದ ಗಿಡ್ಡ ತೋಟಾ. ಯುರೋಪಿನವರ ಲೆಕ್ಕದಲ್ಲಿ 7.65 ಎಂಎಂ. ಅದರ ಹಿತ್ತಾಳೆ ಚಿಪ್ಪಿನ ಉದ್ದ ಹದಿನೇಳು ಮಿಲಿಮೀಟರ್ ಚಿಲ್ಲರೆ, ಕಿರುಬೆರಳ ಒಂದು ಗೆಣ್ಣಿಗಿಂತ ಚಿಕ್ಕದು. ಮುಂದಿನ ಗುಂಡಿನ ತೂಕ ನಾಲ್ಕೂವರೆ ಗ್ರಾಂ ಚಿಲ್ಲರೆ. ಇದರ ತಮ್ಮನೊಬ್ಬ ಇದ್ದಾನೆ, 'ಟೂ ಫೈವ್', ಆರು ವರ್ಷ ತಡವಾಗಿ ಹುಟ್ಟಿದವನು, ವೇಸ್ಟ್‌ಕೋಟಿನ ಜೇಬಿಗೆ ಹಿಡಿಸುವ ಪಿಸ್ತೂಲಿಗಾಗಿ. ನಮ್ಮಲ್ಲಿ ಹಳೇ ಜಮೀನ್ದಾರರ ಮನೆಯ ಬೀರುಗಳಲ್ಲಿ ಒಂದೊಂದು ಇರಬಹುದು.

ಚಿಕ್ಕದು ಅಂತ ತಾತ್ಸಾರ ಬೇಡ. 1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಗಾಂಧೀಜಿಯವರ ಎದೆಗೆ ಹೊಡೆದದ್ದು ಇಟಲಿಯ ಬೆರೆಟ್ಟಾ. ಅದೂ ಅಂಗೈಯಲ್ಲಿ ಹಿಡಿಸುವ ಪಿಸ್ತೂಲೇ.

ಇರಲಿ, ತುಂಬುವ ವಿಚಾರಕ್ಕೆ ಬರೋಣ.

ಖಾಲಿ ತೋಟಾ ಮತ್ತೆ ತುಂಬುವುದು ಪ್ರಪಂಚದಲ್ಲಿ ಇಲ್ಲದ ಕೆಲಸ ಏನಲ್ಲ. ಅಮೆರಿಕದಲ್ಲಿ ಅದು ದೊಡ್ಡ ಹವ್ಯಾಸ. ನಮ್ಮಲ್ಲಿ ಅಂಚೆಚೀಟಿ ಕೂಡಿಸುವವರು ಇದ್ದ ಹಾಗೆ ಅಲ್ಲಿ ಮನೆಯ ಶೆಡ್ಡಿನಲ್ಲಿ ಒಂದು ಬೆಂಚು ಹಾಕಿಕೊಂಡು, ಭಾನುವಾರ ಕೂತು ಗುಂಡು ತುಂಬುವ ಜನ ಇದ್ದಾರೆ. ಇದಕ್ಕೆಂದೇ ಸಾಮಾನು ಮಾಡುವ ಕಂಪನಿಗಳಿವೆ. ಕ್ಯಾಲಿಫೋರ್ನಿಯಾದ ಆರೋವಿಲ್‌ನಲ್ಲಿ 1940ರ ದಶಕದಲ್ಲಿ ಶುರುವಾದ ಆರ್‌ಸಿಬಿಎಸ್ ಒಂದು. ಹೆಸರಿನಲ್ಲಿರುವ 'ರಾಕ್ ಚಕ್' ಅಲ್ಲಿನ ಒಂದು ಬಿಲದ ಪ್ರಾಣಿ, ಹೊಲ ಹಾಳು ಮಾಡುವಂಥದು. ಅದನ್ನು ಹೊಡೆಯುವ ಗುಂಡು ಮಾಡಲು ಹುಟ್ಟಿದ ಕಂಪನಿ. ಇನ್ನೊಂದು ಲೀ ಎಂಬುವವರದು, 1958ರಲ್ಲಿ ಬಡವರಿಗೂ ಎಟುಕುವ ಕೈಸಾಮಾನಿನ ಪೆಟ್ಟಿಗೆ ಮಾರಿದರು. ತಿಂಗಳ ಸಂಬಳದವರೂ ಕೊಂಡರು.

ಜೇಬಿನ ಪಿಸ್ತೂಲಿನವರು ಅಲ್ಲಿ ತುಂಬಿಕೊಳ್ಳಲು ಬೇರೆ ಕಾರಣವೂ ಇದೆ. ದೊಡ್ಡ ಅಳತೆಯ ಗುಂಡು ಅಂಗಡಿಯಲ್ಲಿ ರಾಶಿ ರಾಶಿ ಬರುತ್ತದೆ, ಅಗ್ಗ. ತ್ರೀ ಟೂ, ಟೂ ಫೈವ್ ಕೇಳುವವರು ಕಡಿಮೆ, ಆದ್ದರಿಂದ ಅಂಗಡಿಯವನು ತರಿಸುವುದೂ ಕಡಿಮೆ, ರೇಟೂ ಜಾಸ್ತಿ. ವ್ಯಾಪಾರಿಗಳಿಗೆ ಇದು ಬಿಡಿಸಿ ಹೇಳಬೇಕಿಲ್ಲ. 2020 ಮತ್ತು 21ರಲ್ಲಿ, ಕೊರೋನಾ ಗಲಾಟೆಯಲ್ಲಿ, ಅಮೆರಿಕದ ಅಂಗಡಿಗಳಲ್ಲಿ ಗುಂಡೇ ಸಿಗದಂತಾಯಿತು. ಆಗ ತುಂಬುವವರಿಗೂ ಕಷ್ಟ ಬಂತು. ಚಿಪ್ಪು ಇತ್ತು, ಸೀಸ ಇತ್ತು, ಕಿಡಿ ಹಾರಿಸುವ ಕೇಪು ಸಿಗಲಿಲ್ಲ. ಮನೆಯಲ್ಲಿ ಎಷ್ಟೇ ಮಾಡಿದರೂ ಕೇಪು ಮಾತ್ರ ಕಾರ್ಖಾನೆಯಿಂದಲೇ ಬರಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೋಟಾ ಅಂದರೆ ನಾಲ್ಕು ಸಾಮಾನು. ಹಿತ್ತಾಳೆ ಚಿಪ್ಪು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಚಿಪ್ಪು ಮಾತ್ರ. ಚಿಪ್ಪಿನಲ್ಲೂ ಎರಡು ಜಾತಿ. 1860ರ ದಶಕದಲ್ಲಿ ಇಂಗ್ಲೆಂಡಿನ ಸೈನ್ಯದ ಅಧಿಕಾರಿ ಬಾಕ್ಸರ್ ಒಂದು ಥರ ಮಾಡಿದ, ಅಮೆರಿಕದ ಬರ್ಡನ್ ಇನ್ನೊಂದು ಥರ ಮಾಡಿದ. ತಮಾಷೆ ನೋಡಿ, ಇಂಗ್ಲಿಷಿನವನದು ಅಮೆರಿಕದಲ್ಲಿ ನಿಂತಿತು, ಅಮೆರಿಕದವನದು ಯುರೋಪಿನಲ್ಲಿ ನಿಂತಿತು. ಬಾಕ್ಸರನ ಚಿಪ್ಪಿಗೆ ನಟ್ಟ ನಡುವೆ ಒಂದೇ ತೂತು, ಮರುತುಂಬಲು ಒದಗುತ್ತದೆ. ಬರ್ಡನ್ನನದಕ್ಕೆ ಎರಡು ಸಣ್ಣ ತೂತು, ಮರುತುಂಬುವವರು ಅದನ್ನು ಮುಟ್ಟುವುದೇ ಇಲ್ಲ. ಅಮೆರಿಕದಲ್ಲಿ ಈ ಹವ್ಯಾಸ ಬೇರು ಬಿಟ್ಟದ್ದಕ್ಕೆ ಆ ಒಂದು ತೂತೂ ಒಂದು ಕಾರಣ.

ಅಮೆರಿಕದವರು ಮಾಡಬಹುದಾದರೆ ನಾವ್ಯಾಕೆ ಮಾಡಬಾರದು? ಮಂಡಿ ಯಜಮಾನರೊಬ್ಬರು ನನ್ನನ್ನು ಹೀಗೇ ಕೇಳಿದರು. "ಏನಯ್ಯಾ, ಅವರಿಗೆ ಎರಡು ಕೈ, ನಮಗೂ ಎರಡು ಕೈ" ಅಂದರು. ಸರಿಯಾದ ಪ್ರಶ್ನೆಯೇ.

ಅಲ್ಲಿ ತುಂಬುವವನ ಹತ್ತಿರ ಆ ಅಳತೆಗೆ, ಆ ಮದ್ದಿಗೆ ಇಷ್ಟೇ ಎಂದು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಅಚ್ಚು ಹಾಕಿದ ಪುಸ್ತಕ ಇರುತ್ತದೆ. ಮದ್ದಿನ ಡಬ್ಬಿಯ ಮೇಲೆ ಕಂಪನಿಯ ಹೆಸರು, ನಂಬರು ಇರುತ್ತದೆ. ತಕ್ಕಡಿ ಅಕ್ಕಸಾಲಿಗರದಕ್ಕಿಂತ ಸೂಕ್ಷ್ಮ. ನಮ್ಮ ಸಂದಿಯಲ್ಲಿ ತುಂಬುವವನ ಹತ್ತಿರ ಏನಿದೆ? ಪಟಾಕಿ ಬಿಚ್ಚಿದ ಪುಡಿ, ಕಲ್ಲುಗಣಿಯಿಂದ ಜಾರಿ ಬಂದ ಮದ್ದು, ಬೆಂಕಿಕಡ್ಡಿ ತಲೆ ಕೆರೆದ ಪುಡಿ. ಅಂದಾಜಿನ ಮೇಲೆ ಚಮಚ. ಪಟಾಕಿ ಮದ್ದೇ ಬೇರೆ, ಪಿಸ್ತೂಲಿನ ಮದ್ದೇ ಬೇರೆ. ಪಿಸ್ತೂಲಿನ ಮದ್ದು ಉರಿಯಬೇಕು, ಉರಿದು ಗುಂಡನ್ನು ದೂಡಬೇಕು. ಪಟಾಕಿಯ ಪುಡಿ ಒಡೆಯುತ್ತದೆ. ಒಡೆಯುವುದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಏನಾಗುತ್ತದೆ ಎಂದು ದೀಪಾವಳಿ ಮಾರನೆ ದಿನ ಕಣ್ಣಾಸ್ಪತ್ರೆಯ ಸಾಲಿನಲ್ಲಿ ನಿಂತವರನ್ನು ಕೇಳಿ.

ಈ ಗಿಡ್ಡ ತೋಟಾದಲ್ಲಿ ಇನ್ನೂ ಒಂದು ಅಪಾಯ. ಒಳಗಿನ ಜಾಗ ಅಷ್ಟು ಇಕ್ಕಟ್ಟು, ಹಿಡಿಯುವ ಮದ್ದು ಒಂದು ಚಿಟಿಕೆಗೂ ಕಡಿಮೆ. ದೊಡ್ಡ ಪಾತ್ರೆಯ ಸಾರಿಗೆ ಉಪ್ಪು ನಾಲ್ಕು ಕಾಳು ಹೆಚ್ಚಾದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಒಂದು ಲೋಟ ಮಜ್ಜಿಗೆಗೆ ಅದೇ ನಾಲ್ಕು ಕಾಳು ಬಿದ್ದರೆ ಬಾಯಿಗಿಡಲು ಆಗುವುದಿಲ್ಲ. ತ್ರೀ ಟೂ, ಟೂ ಫೈವ್ ಇವೆಲ್ಲ ಲೋಟದ ಲೆಕ್ಕ. ಗುಂಡು ಕೂದಲೆಳೆಯಷ್ಟು ಜಾಸ್ತಿ ಒಳಗೆ ಇಳಿದು ಕೂತರೂ ಒತ್ತಡ ಏರಿಬಿಡುತ್ತದೆ.

ಸಾಲದ್ದಕ್ಕೆ ಜೇಬಿನ ಪಿಸ್ತೂಲುಗಳಲ್ಲಿ ಬಹುಪಾಲಿಗೆ ಬೀಗ ಇಲ್ಲ. ಬೀಗ ಅಂದರೆ ಬಾಗಿಲ ಬೀಗ ಅಲ್ಲ. ರೈಫಲ್‌ನಲ್ಲಿ ಗುಂಡು ಹಾರುವಾಗ ಹಿಂಭಾಗ ಗಟ್ಟಿ ಕಚ್ಚಿಕೊಂಡಿರುತ್ತದೆ. ಈ ಚಿಕ್ಕ ಪಿಸ್ತೂಲುಗಳಲ್ಲಿ ಹಿಂದಿನ ಕಬ್ಬಿಣದ ಭಾರ, ಒಂದು ಸ್ಪ್ರಿಂಗು, ಇವೆರಡೇ ಒತ್ತಡಕ್ಕೆ ಎದುರು ನಿಂತಿರುವುದು. ಕಾರ್ಖಾನೆಯ ಗುಂಡಿಗೆ ಅಷ್ಟು ಸಾಕು, ಅದಕ್ಕೇ ಅಳತೆ ಮಾಡಿ ಮಾಡಿದ್ದು. ಅಂದಾಜಿನ ಗುಂಡಿಗೆ ಸಾಲದು. ಚಿಪ್ಪು ಒಡೆದು ಬಿಸಿಗಾಳಿ, ಹಿತ್ತಾಳೆ ಚೂರು ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ನಿಮ್ಮ ಮುಖ.

ಮದ್ದು ಜಾಸ್ತಿಯಾದರೆ ಹೀಗೆ. ಕಡಿಮೆಯಾದರೆ? "ಕಡಿಮೆ ಹಾಕಿದರೆ ಏನೂ ಆಗಲ್ಲ ಬಿಡಿ" ಅನ್ನುವವರಿದ್ದಾರೆ. ಜಾಸ್ತಿಯಾದದ್ದಕ್ಕಿಂತ ಇದು ಮೋಸದ್ದು. 'ಢಂ' ಅನ್ನಬೇಕಾದದ್ದು 'ಟುಸ್' ಅನ್ನುತ್ತದೆ. ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಡೆದವನಿಗೆ ಗಾಬರಿ, ಇನ್ನೊಮ್ಮೆ ಟ್ರಿಗರ್ ಎಳೆಯುತ್ತಾನೆ. ಎರಡನೇ ಗುಂಡಿಗೆ ಮುಂದೆ ದಾರಿ ಇಲ್ಲ. ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಕಳ್ಳ ಎದುರಿಗೆ ನಿಂತಾಗಲೇ ಇದು ಆಗಬೇಕೆಂದೇನೂ ಇಲ್ಲ, ತೋಟದ ಮೂಲೆಯಲ್ಲಿ ತೆಂಗಿನ ಚಿಪ್ಪಿಗೆ ಗುರಿ ಇಡುವಾಗಲೂ ಆಗುತ್ತದೆ. ಆದ್ದರಿಂದ ಒಂದು ಮಾತು, ಕಾರ್ಖಾನೆಯ ಗುಂಡೇ ಇರಲಿ: ಸದ್ದು ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಸದ್ದೇ ಬರದಿದ್ದರೆ ಬಾಯಿ ನೆಲದ ಕಡೆಯೋ ಮಣ್ಣಿನ ದಿಬ್ಬದ ಕಡೆಯೋ ಹಿಡಿದುಕೊಂಡು ಸುಮ್ಮನೆ ಕಾಯಿರಿ. ತಡವಾಗಿ ಹೊತ್ತುವ ಕೇಪುಗಳಿವೆ. ಬಗ್ಗಿ ನೋಡಲು ಹೋಗಬೇಡಿ.

ಇನ್ನು ಕೇಪು. ಆಗಲೇ ಹೇಳಿದೆನಲ್ಲ, ಅಮೆರಿಕದವರಿಗೇ ಅದನ್ನು ಮನೆಯಲ್ಲಿ ಮಾಡಿಕೊಳ್ಳಲು ಆಗಲಿಲ್ಲ ಎಂದು. ನಮ್ಮ ಸಂದಿಯವನು ಎಲ್ಲಿಂದ ತರುತ್ತಾನೆ? ಒಂದೋ ಕದ್ದ ಮಾಲು, ಇಲ್ಲವೋ ಆಟಿಕೆ ಪಿಸ್ತೂಲಿನ ಕೇಪಿನ ಪುಡಿ. ಆ ಪುಡಿ ಉಜ್ಜಿದರೂ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಉಳಿಯುವ ಉಪ್ಪಿನಂಥ ಕಸ ನಳಿಗೆಗೆ ತುಕ್ಕು ಹಿಡಿಸುತ್ತದೆ, ಅದೂ ನಮ್ಮ ಮಳೆಗಾಲದಲ್ಲಿ! ಲಕ್ಷ ಕೊಟ್ಟ ಪಿಸ್ತೂಲು ಹೀಗೆ ಹಾಳು. ಇಲ್ಲಿ ಉಳಿತಾಯ ಎಲ್ಲಿಂದ ಬಂತು?

ನಮ್ಮ ಕಡೆ ಹಳಬರು ಇನ್ನೊಂದು ವಾದ ಹೂಡುತ್ತಾರೆ. "ನಮ್ಮಜ್ಜ ಕೇಪಿನ ಕೋವಿಗೆ ಮದ್ದು ತಾನೇ ತುಂಬುತ್ತಿದ್ದರು, ಅವರ ಕೈಗೆ ಏನಾಯಿತು?" ನಿಜ, ತುಂಬುತ್ತಿದ್ದರು. ಕೊಡಗಿನಲ್ಲಿ ಕೋವಿ ಮನೆಯ ದೇವರ ಕೋಣೆಯ ವಸ್ತು, ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂ ಇಡುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಅವರ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮಲೆನಾಡಿನಲ್ಲೂ ಹಂದಿ ಕಾಟಕ್ಕೆ ಕೋವಿ ಇಟ್ಟವರು ಬಾಯಿಂದ ಮದ್ದು ಸುರಿದು, ಕತ್ತ ತುರುಕಿ, ಚರೆ ಹಾಕಿ ಗಜದಿಂದ ಜಡಿಯುತ್ತಿದ್ದರು. ಆದರೆ ಆ ಮದ್ದು ಕರಿಮದ್ದು, ಹೊಗೆ ಬರುವಂಥದು. ಆ ಕೋವಿಯ ನಳಿಗೆ ಮೊಣಕೈ ಗಾತ್ರದ ಕಬ್ಬಿಣ. ಕೈತಪ್ಪನ್ನು ಒಂದಿಷ್ಟು ತಡೆದುಕೊಳ್ಳುತ್ತಿತ್ತು. ತಡೆಯದೆ ಬೆರಳು ಕಳೆದುಕೊಂಡವರೂ ಇದ್ದಾರೆ, ಅವರ ಕಥೆಯನ್ನು ಮೊಮ್ಮಕ್ಕಳು ಹೇಳುವುದಿಲ್ಲ ಅಷ್ಟೆ. ಪಿಸ್ತೂಲಿನದು ಹೊಗೆ ಇಲ್ಲದ ಮದ್ದು. ತೂಕಕ್ಕೆ ತೂಕ ಇಟ್ಟರೆ ಕರಿಮದ್ದಿಗಿಂತ ಎಷ್ಟೋ ಪಾಲು ಬಿರುಸು. ಕೋವಿಯ ಕೈಲೆಕ್ಕ ಇಲ್ಲಿ ನಡೆಯುವುದಿಲ್ಲ. ಎತ್ತಿನಗಾಡಿ ಹೊಡೆದವನು ಅದೇ ಧೈರ್ಯದಲ್ಲಿ ಘಾಟಿಯಲ್ಲಿ ಬಸ್ಸು ಇಳಿಸಲು ಕೂತರೆ ನೀವು ಹತ್ತುತ್ತೀರಾ?

ಮದ್ದು ತುಂಬುವ ಜಾಗ ಯಾವುದು ಎಂಬುದನ್ನೂ ಯೋಚಿಸಿ. ಊರಾಚೆ ಅಲ್ಲ, ಪೇಟೆಯ ಒಳಗೆ, ಯಾವುದೋ ಅಂಗಡಿಯ ಮಾಳಿಗೆ, ಯಾವುದೋ ವಠಾರದ ಹಿಂದಿನ ಕೋಣೆ. ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ 2021ರ ಜನವರಿ 21ರ ರಾತ್ರಿ ಗಣಿ ಸ್ಫೋಟಕ ಸಿಡಿದಾಗ ಪಕ್ಕದ ಜಿಲ್ಲೆಯವರೂ ಭೂಕಂಪ ಎಂದು ಬೀದಿಗೆ ಬಂದರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಹೋದರು, ಹೆಚ್ಚಿನವರು ಕೂಲಿಗೆ ಬಂದ ಹುಡುಗರು. ಗುಂಡು ತುಂಬುವವನ ಡಬ್ಬಿಯಲ್ಲಿ ಅಷ್ಟು ಮದ್ದು ಇರುವುದಿಲ್ಲ, ಒಪ್ಪುತ್ತೇನೆ. ಒಂದು ಕೋಣೆ, ಒಂದು ಸಂಸಾರಕ್ಕೆ ಸಾಕಾಗುವಷ್ಟು ಇರುತ್ತದೆ.

ಈಗ ಕಾನೂನು. ಇದನ್ನು ಲೈಸೆನ್ಸ್‌ದಾರರು ಕಣ್ಣರಳಿಸಿ ಓದಬೇಕು.

ನಿಮ್ಮ ಕೈಯಲ್ಲಿರುವುದು ಬಂದೂಕು, ಗುಂಡು ಇಟ್ಟುಕೊಳ್ಳುವ ಲೈಸೆನ್ಸ್. ಗುಂಡು ತಯಾರಿಸುವ ಲೈಸೆನ್ಸ್ ಅಲ್ಲ. 1959ರ ಆಯುಧ ಕಾಯ್ದೆಯಲ್ಲಿ ಇಟ್ಟುಕೊಳ್ಳುವುದಕ್ಕೆ 3ನೇ ಕಲಮು, ತಯಾರಿಸಿ ಮಾರುವುದಕ್ಕೆ 5ನೇ ಕಲಮು. ಹೋಟೆಲಿನಲ್ಲಿ ಊಟ ಮಾಡುವ ಹಕ್ಕಿಗೂ ಹೋಟೆಲು ನಡೆಸುವ ಪರವಾನಗಿಗೂ ಇರುವಷ್ಟು ವ್ಯತ್ಯಾಸ. 'ಗುಂಡು' ಎಂದರೆ ಆ ಕಾಯ್ದೆಯಲ್ಲಿ ಪೂರ್ತಿ ತೋಟಾ ಮಾತ್ರ ಅಲ್ಲ. ಅದರ ಬಿಡಿಭಾಗವೂ ಗುಂಡೇ, ಅದನ್ನು ತಯಾರಿಸುವ ಯಂತ್ರವೂ ಗುಂಡೇ! ಬರೀ ಕೇಪು, ಚಿಪ್ಪು ಇಟ್ಟುಕೊಂಡಿದ್ದೆ ಸ್ವಾಮಿ ಎಂದರೆ ಕೋರ್ಟಿನಲ್ಲಿ ನಡೆಯುವುದು ಕಷ್ಟ.

ಶಿಕ್ಷೆ? ಮೊದಲು ಲೈಸೆನ್ಸ್ ಇಲ್ಲದೆ ತಯಾರಿಸಿದವನಿಗೆ ಮೂರರಿಂದ ಏಳು ವರ್ಷ ಇತ್ತು. 2019ರ ತಿದ್ದುಪಡಿಯಲ್ಲಿ ಅದು ಏಳು ವರ್ಷಕ್ಕೆ ಕಡಿಮೆ ಇಲ್ಲ, ಜೀವಾವಧಿಯವರೆಗೂ ಹೋಗಬಹುದು ಎಂದಾಯಿತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವವರಿಗೂ ಅದೇ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಬಂತು. ಅರ್ಧ ರೇಟಿನ ಇಪ್ಪತ್ತು ಗುಂಡಿಗೆ ಏಳು ವರ್ಷ! ಮಂಡಿಯಲ್ಲಿ ಯಾರಾದರೂ ಇಂಥ ವ್ಯಾಪಾರ ಕುದುರಿಸುತ್ತಾರೆಯೇ?

ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ನಮ್ಮ ಲೈಸೆನ್ಸ್‌ದಾರರು ಯೋಚಿಸಿದಂತೆ ಕಾಣುವುದಿಲ್ಲ. ಖಾಲಿ ಚಿಪ್ಪು ಬರೀ ಹಿತ್ತಾಳೆ ಚೂರಲ್ಲ. ಟ್ರಿಗರ್ ಎಳೆದಾಗ ಪಿಸ್ತೂಲಿನ ಮುಳ್ಳು ಕೇಪಿನ ಮೇಲೆ ಗುರುತು ಹಾಕುತ್ತದೆ, ಹೊರಗೆ ಎಳೆದು ಬಿಸಾಡುವ ಕೊಕ್ಕೆ ಚಿಪ್ಪಿನ ಅಂಚಿನ ಮೇಲೆ ಗೀರು ಹಾಕುತ್ತದೆ. ಒಂದು ಪಿಸ್ತೂಲಿನ ಗೀರು ಇನ್ನೊಂದಕ್ಕೆ ಹೊಂದುವುದಿಲ್ಲ. ಹೆಬ್ಬೆಟ್ಟಿನ ಹಾಗೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರ ಕೊಲೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆ. ನಡುವೆ ಎರಡು ವರ್ಷ, ನಾನೂರು ಕಿಲೋಮೀಟರು. ಎರಡು ಕಡೆಯೂ ಸಿಡಿದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ್ದು ಗುಂಡು, ಚಿಪ್ಪುಗಳ ಮೇಲಿನ ಇಂಥ ಗುರುತು ನೋಡಿಯೇ. 7.65 ಅಂದರೆ ಯಾವುದು? ನಮ್ಮ ಅದೇ ತ್ರೀ ಟೂ.

ಈಗ ಯೋಚಿಸಿ. ನೀವು ಇಪ್ಪತ್ತು ಖಾಲಿ ಚಿಪ್ಪು ಸಂದಿಯವನ ಕೈಗೆ ಕೊಡುತ್ತೀರಿ. ಅವನು ನಿಮಗೆ ಹದಿನೈದು ವಾಪಸು ಕೊಡುತ್ತಾನೆ, "ಐದು ಸೀಳಿಹೋಯಿತು ಯಜಮಾನ್ರೇ" ಅನ್ನುತ್ತಾನೆ. ಆ ಐದು ಎಲ್ಲಿ ಹೋಯಿತು? ಉತ್ತರ ಪ್ರದೇಶ, ಬಿಹಾರದಿಂದ ನಾಡ ಪಿಸ್ತೂಲು ತರುವವರಿಗೆ ಪಿಸ್ತೂಲಿಗಿಂತ ಗುಂಡು ಕಷ್ಟ. ಕುಲುಮೆಯಲ್ಲಿ ಪಿಸ್ತೂಲು ಬಡಿಯಬಹುದು, ಚಿಪ್ಪು ಬಡಿಯಲಾಗದು. ಆ ಐದರಲ್ಲಿ ಒಂದು ನಾಳೆ ಯಾವುದೋ ರಸ್ತೆ ಬದಿಯ ಚರಂಡಿಯಲ್ಲಿ, ಯಾವುದೋ ಹೆಣದ ಪಕ್ಕದಲ್ಲಿ ಸಿಕ್ಕರೆ ಅದರ ಅಂಚಿನ ಮೇಲೆ ಎರಡು ಪಿಸ್ತೂಲಿನ ಗೀರು ಇರುತ್ತದೆ. ಒಂದು ಕೊಲೆಗಾರನದು, ಇನ್ನೊಂದು ನಿಮ್ಮದು. ಕೊಲೆಗಾರನ ಪಿಸ್ತೂಲಿಗೆ ಪುಸ್ತಕ ಇಲ್ಲ, ನಂಬರು ಇಲ್ಲ. ನಿಮ್ಮದಕ್ಕೆ ಎಲ್ಲ ಇದೆ. ಪೊಲೀಸರು ಮೊದಲು ಯಾರ ಅಂಗಡಿ ಮೆಟ್ಟಿಲು ಹತ್ತುತ್ತಾರೆ?

ಉತ್ತರ ಭಾರತದ ಕೆಲವು ಕಡೆ ಹೊಸ ಗುಂಡು ಕೊಡುವಾಗ ಹಳೆಯ ಚಿಪ್ಪು ವಾಪಸು ಕೇಳುವ ಪದ್ಧತಿ ಬಂದದ್ದು ಇದಕ್ಕೇ. ಅದನ್ನು ಕಿರಿಕಿರಿ ಎಂದು ಬೈದವರಿದ್ದಾರೆ. ನನ್ನ ಕೇಳಿದರೆ ನಮ್ಮಲ್ಲೂ ಬರಲಿ. ಲೆಕ್ಕ ಕೊಟ್ಟವನಿಗೆ ನಿದ್ದೆ ಬರುತ್ತದೆ.

ಇಷ್ಟು ಬೈದದ್ದು ವ್ಯಾಪಾರಿಗಳನ್ನು. ಇನ್ನು ಸರ್ಕಾರದ ಸರದಿ. ಯಾಕೆಂದರೆ ಈ ಸಂದಿ ವ್ಯಾಪಾರ ಹುಟ್ಟಿದ್ದು ಆಕಾಶದಿಂದಲ್ಲ.

ತ್ರೀ ಟೂ ಗುಂಡು ಎಂದರೆ ಹೆಚ್ಚುಕಡಿಮೆ ಸರ್ಕಾರಿ ಕಾರ್ಖಾನೆಯ ಗುಂಡು. ಆ ಕಾರ್ಖಾನೆಗಳ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಒಡೆದು ಏಳು ಕಂಪನಿ ಮಾಡಿದರು, ಗುಂಡುಮದ್ದಿನದು ಪುಣೆಯ ಮ್ಯುನಿಷನ್ಸ್ ಇಂಡಿಯಾಕ್ಕೆ ಹೋಯಿತು. ಬೋರ್ಡು ಬದಲಾಯಿತು. ನಮ್ಮ ಜಿಲ್ಲೆಯವನು ಒಂದು ಪೆಟ್ಟಿಗೆ ಗುಂಡಿಗೆ ಬಸ್ಸು ಹತ್ತಿ ದೊಡ್ಡ ಊರಿನ ಡೀಲರ್ ಬಾಗಿಲಿಗೆ ಹೋಗಿ "ಮುಂದಿನ ತಿಂಗಳು ಬನ್ನಿ" ಎಂಬ ಮಾತು ಕೇಳಿಸಿಕೊಂಡು ವಾಪಸು ಬರುವುದು ಬದಲಾಗಲಿಲ್ಲ. ಹೋಗಿ ಬರುವ ಬಸ್ ಚಾರ್ಜು, ಒಂದು ದಿನ ಅಂಗಡಿ ಬಾಗಿಲು ಹಾಕಿದ ನಷ್ಟ ಸೇರಿಸಿದರೆ ಒಂದೊಂದು ಗುಂಡಿನ ಬೆಲೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಸಂದಿಯವನು ಬದುಕುವುದು ಈ ಲೆಕ್ಕದ ಮೇಲೆ.

2016ರ ಆಯುಧ ನಿಯಮದಲ್ಲಿ ಲೈಸೆನ್ಸ್ ಬೇಕೆನ್ನುವವನು ಬಂದೂಕಿನ ಸುರಕ್ಷತೆಯ ತರಬೇತಿ ಪಡೆಯಬೇಕು ಎಂದು ಬರೆದರು. ಒಳ್ಳೆಯದೇ. ಆಮೇಲೆ? ತರಬೇತಿ ಆದವನು ವರ್ಷಕ್ಕೊಮ್ಮೆ ಹತ್ತು ಗುಂಡು ಹಾರಿಸಿ ಕೈ ರೂಢಿ ಮಾಡಿಕೊಳ್ಳಲು ಪೇಟೆಯವರಿಗೆ ಒಂದು ಜಾಗ ಬೇಡವೇ? ಪೊಲೀಸರ ಗುರಿ ಅಭ್ಯಾಸದ ಮೈದಾನದಲ್ಲಿ ವರ್ಷಕ್ಕೆ ಎರಡು ಭಾನುವಾರ ಬಿಟ್ಟುಕೊಡಲಿ, ಫೀಸು ಇಟ್ಟೇ ಬಿಡಲಿ. ಗುಂಡು ಅಲ್ಲೇ ಮಾರಲಿ, ಚಿಪ್ಪು ಅಲ್ಲೇ ಎಣಿಸಿ ವಾಪಸು ಇಟ್ಟುಕೊಳ್ಳಲಿ. ಸಂದಿಯವನ ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯಿತು. ಲಂಚದ ದಾರಿ ಇನ್ನೊಂದು ತೆರೆಯುತ್ತದೆ ಅಂತ ಗೊಣಗುವವರಿದ್ದಾರೆ. ಇರಬಹುದು. ಈಗೇನು ಮುಚ್ಚಿದೆಯೇ?

ಇನ್ನು ಚುನಾವಣೆ. ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಚುನಾವಣೆ ಬಂದಾಗಲೆಲ್ಲ ಬಂದೂಕು ಠಾಣೆಗೆ. ಪರಿಶೀಲನಾ ಸಮಿತಿ ಯಾರದು ಬೇಕು ಯಾರದು ಬೇಡ ಎಂದು ನೋಡಬೇಕೆಂದು ಆದೇಶ ಇದೆ. ನಡೆಯುವುದು "ಎಲ್ಲರೂ ತಂದು ಹಾಕಿ". ಠಾಣೆಯ ಕೋಣೆಯಲ್ಲಿ ಮಳೆಗಾಲದ ಥಂಡಿಗೆ ಕೂತ ಪಿಸ್ತೂಲು ಹಿಂದಕ್ಕೆ ಬರುವಾಗ ನಳಿಗೆಯಲ್ಲಿ ಕೆಂಪು ಬಣ್ಣ. ವಾಪಸು ತಂದವನು ಎಣ್ಣೆ ಹಾಕಿ ಬೀರುವಿನಲ್ಲಿಡುತ್ತಾನೆ. ತೋಟಾಕ್ಕೂ ಎಣ್ಣೆ ಸವರುತ್ತಾನೆ, ಪ್ರೀತಿಗೆ! ತೋಟಾಕ್ಕೆ ಎಣ್ಣೆ ಸವರಬೇಡಿ ಮಾರಾಯರೇ. ಕೇಪಿನ ಸಂದಿಯಿಂದ ಎಣ್ಣೆ ಇಳಿದರೆ ಬೇಕಾದಾಗ ಅದು ಹೊತ್ತುವುದಿಲ್ಲ. ಒಣಗಿದ ಬಟ್ಟೆಯಲ್ಲಿ ಒರೆಸಿ, ತೇವ ಇಲ್ಲದ ಕಡೆ, ಪಿಸ್ತೂಲಿನಿಂದ ಬೇರೆಯಾಗಿ, ಬೀಗದಲ್ಲಿ ಇಡಿ. ಮಕ್ಕಳ ಕೈಗೆ ಸಿಗದ ಹಾಗೆ ಎಂದು ಬೇರೆ ಹೇಳಬೇಕೇ? ಹೇಳಲೇಬೇಕು, ಬೀರುವಿನ ಕೀ ಎಲ್ಲಿರುತ್ತದೆ ಎಂದು ಮನೆಯ ಹುಡುಗನಿಗೆ ಯಜಮಾನನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೆ ಒಂದು ಅಧಿಕಪ್ರಸಂಗದ ಪ್ರಶ್ನೆ. ಮಂಡಿ ಯಜಮಾನರು ಲೈಸೆನ್ಸ್ ತೆಗೆದದ್ದು ಸಂಜೆ ಚೀಲದ ತುಂಬ ನೋಟು ಹಿಡಿದು ಮನೆಗೆ ಹೋಗುತ್ತಿದ್ದ ಕಾಲದಲ್ಲಿ. ಈಗ ಅರ್ಧಕ್ಕರ್ಧ ವ್ಯಾಪಾರ ಮೊಬೈಲಿನ ಚೌಕಳಿ ಚೀಟಿಯ ಮೇಲೆ ನಡೆಯುತ್ತದೆ. ಬೀರುವಿನ ಪಿಸ್ತೂಲು ಚುನಾವಣೆಗೊಮ್ಮೆ ಠಾಣೆಗೂ, ಆಯುಧಪೂಜೆಗೊಮ್ಮೆ ಕುಂಕುಮಕ್ಕೂ ಹೊರಗೆ ಬರುವುದು ಬಿಟ್ಟರೆ ಮತ್ತೆ ಯಾವಾಗ ಬಂತು? ಬೇಡವಾದವರು ಡೀಲರಿಗೆ ಒಪ್ಪಿಸಿ ಪುಸ್ತಕ ಹಿಂದಿರುಗಿಸಬಹುದು, ಕಾನೂನಿನಲ್ಲಿ ದಾರಿ ಇದೆ. ಇಟ್ಟುಕೊಳ್ಳುತ್ತೇವೆ ಎನ್ನುವವರ ಮೇಲೆ ನನ್ನ ತಕರಾರಿಲ್ಲ. ರಾತ್ರಿ ಒಂಟಿ ಮನೆಯ ಭಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುವವನಿಗೆ ಗೊತ್ತಾಗುವುದಿಲ್ಲ.

ಈಗಾಗಲೇ ಸಂದಿಯ ಗುಂಡು ತಂದು ಇಟ್ಟುಕೊಂಡವರಿದ್ದರೆ ಅದನ್ನು ಪಿಸ್ತೂಲಿಗೆ ಹಾಕಬೇಡಿ. ಸುತ್ತಿಗೆಯಿಂದ ಬಿಚ್ಚಲು ಹೋಗಬೇಡಿ, ಒಲೆಗೆ, ಕಸಕ್ಕೆ, ಬಾವಿಗೆ ಹಾಕಬೇಡಿ, ಗುಜರಿಯವನ ಚೀಲಕ್ಕಂತೂ ಬೇಡವೇ ಬೇಡ. ಪರಿಚಯದ ವಕೀಲರೊಬ್ಬರನ್ನು ಕಂಡು, ಅವರ ಮೂಲಕವೇ ಒಪ್ಪಿಸುವ ದಾರಿ ಕೇಳಿ. ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ವಿಭಾಗದವರು ಇಂಥವರಿಗಾಗಿ ಒಂದು ತಿಂಗಳ ಗಡುವು ಕೊಟ್ಟು, ತಂದೊಪ್ಪಿಸಿದವರ ಮೇಲೆ ಕೇಸು ಹಾಕುವುದಿಲ್ಲ ಎಂದು ಲಿಖಿತವಾಗಿ ಪ್ರಕಟಿಸಲಿ. ಬಾಯಿ ಮಾತಿನಲ್ಲಿ ಹೇಳಿದರೆ ಯಾರೂ ಬರುವುದಿಲ್ಲ. ಪ್ರಕಟಣೆ ಕಳಿಸಿದರೆ ಇದೇ ಜಾಗದಲ್ಲಿ, ಒಂದು ಪೈಸೆ ತೆಗೆದುಕೊಳ್ಳದೆ, ದಪ್ಪಕ್ಷರದಲ್ಲಿ ಹಾಕುತ್ತೇವೆ.